ಎಕ್ಸ್‌ಪ್ಲಿಸಿಟ್ ವೇಟ್: ಎಷ್ಟು ಹೊತ್ತು ಅನ್ನುವುದಕ್ಕಿಂತ ಯಾವುದಕ್ಕೆ ಕಾಯುತ್ತೀರಿ?

ಬ್ರೌಸರನ್ನು ಕೋಡ್‌ನಿಂದ ನಡೆಸಿ ವೆಬ್ ಪುಟಗಳನ್ನು ಪರೀಕ್ಷಿಸುವ ಸೆಲೆನಿಯಂ ಎಂಬ ಸಾಧನದ ಅಭ್ಯಾಸಕ್ಕೆ ನಾನೊಂದು ಪುಟ ಮಾಡಿಕೊಂಡಿದ್ದೇನೆ. ಅಡಿಕೆ ಧಾರಣೆಯ ಪಟ್ಟಿ: ರಾಶಿ, ಬೆಟ್ಟೆ, ಸರಕು, ಗೊರಬಲು, ಒಟ್ಟು 4 ಸಾಲು. ಪುಟ ಮೊದಲು ತೆರೆಯುತ್ತದೆ, ದರಗಳನ್ನು ಜಾವಾಸ್ಕ್ರಿಪ್ಟ್ ಆಮೇಲೆ ತಂದು ತುಂಬುತ್ತದೆ. ಶಿವಮೊಗ್ಗದ ರೂಮಿನಲ್ಲಿ ಪಾಸಾಗುತ್ತಿದ್ದ, ಆ ದರಗಳನ್ನು ಓದುವ ಟೆಸ್ಟ್, ಆಷಾಢದ ಮಳೆಯಲ್ಲಿ ತೀರ್ಥಹಳ್ಳಿಯ ಮನೆಯಿಂದ ಓಡಿಸಿದರೆ ಫೇಲ್. ನೆಟ್‌ವರ್ಕ್ ನಿಧಾನವಾಗಿತ್ತು, ಕೋಡ್ ಕೈ ಹಾಕಿದಾಗ ದರ ಇನ್ನೂ ಬಂದಿರಲಿಲ್ಲ.

10 ಸೆಕೆಂಡ್ ಸ್ಲೀಪ್ (ಕೋಡ್ ಸುಮ್ಮನೆ ನಿಂತು ಕಾಯುವುದು) ಹಾಕಿ ನೋಡಿದೆ. ದರ 2 ಸೆಕೆಂಡಿಗೇ ಬಂದರೆ 8 ಸೆಕೆಂಡ್ ದಂಡ, 11ಕ್ಕೆ ಬಂದರೆ ಮತ್ತೆ ಫೇಲ್.

ಅಡಿಕೆ ಬೇಯಿಸುವವರು ಹಂಡೆಯಿಂದ ಆಗಾಗ ಎತ್ತಿ ಹದ ನೋಡುತ್ತಾರಲ್ಲ, ಎಕ್ಸ್‌ಪ್ಲಿಸಿಟ್ ವೇಟ್‌ಗೆಂದು ಸೆಲೆನಿಯಂನಲ್ಲಿರುವ ವೆಬ್‌ಡ್ರೈವರ್‌ವೇಟ್ ಮಾಡುವುದೂ ಅದನ್ನೇ. ಅದಕ್ಕೆ ಗರಿಷ್ಠ ಸಮಯ ಹೇಳಿ, ಅದರ ಅನ್‌ಟಿಲ್ ಎಂಬ ಮೆಥಡ್‌ಗೆ ಒಂದು ಷರತ್ತು ಕೊಡುತ್ತೇವೆ. ಪೈಥಾನ್‌ನಲ್ಲಿ ನಾವು ಬದಲಿಸದಿದ್ದರೆ 0.5 ಸೆಕೆಂಡಿಗೊಮ್ಮೆ ಷರತ್ತನ್ನು ಪರೀಕ್ಷಿಸುತ್ತದೆ. ಎಲಿಮೆಂಟ್ (ಬಟನ್, ಸಾಲಿನಂಥ ಪುಟದ ಭಾಗ) ಸಿಗದಿದ್ದರೆ ಆ ಎರರನ್ನು ನುಂಗಿಕೊಂಡು ಮತ್ತೆ ನೋಡುತ್ತದೆ. ಷರತ್ತು ಈಡೇರಿದ ಕೂಡಲೇ ಮುಂದಕ್ಕೆ. ಗಡುವು ಮುಗಿದರೆ ಟೈಮ್‌ಔಟ್ ಎಕ್ಸೆಪ್ಶನ್.

ನಾನು ಎಡವಿದ್ದು ಷರತ್ತಿನ ಆಯ್ಕೆಯಲ್ಲಿ. ಪ್ರೆಸೆನ್ಸ್ ಎಂದರೆ ಎಲಿಮೆಂಟ್ ಡಾಮ್‌ನಲ್ಲಿ (ಬ್ರೌಸರ್ ಇಟ್ಟುಕೊಳ್ಳುವ ಪುಟದ ರಚನೆಯಲ್ಲಿ) ಇದೆ ಎಂದಷ್ಟೇ, ಕಣ್ಣಿಗೆ ಕಾಣಬೇಕೆಂದಿಲ್ಲ. ವಿಸಿಬಿಲಿಟಿ ಎಂದರೆ ಕಾಣುತ್ತಿದೆ, ಎತ್ತರ ಅಗಲವೂ ಇದೆ. ಕ್ಲಿಕಬಲ್ ಎಂದರೆ ಕಾಣುತ್ತಿದೆ, ಎನೇಬಲ್ ಕೂಡ ಆಗಿದೆ. ಆದರೆ ಮೇಲೆ ಲೋಡಿಂಗ್ ಪರದೆ ಮುಚ್ಚಿಕೊಂಡಿದ್ದರೆ ಅದಕ್ಕೆ ತಿಳಿಯುವುದಿಲ್ಲ, ಕ್ಲಿಕ್ ಆ ಪರದೆಗೆ ತಾಗಿ ಎರರ್ ಬರುತ್ತದೆ. ಹಾಗಿದ್ದಾಗ ಮೊದಲು ಪರದೆಯ ಇನ್‌ವಿಸಿಬಿಲಿಟಿಗೆ ಕಾಯಬೇಕು.

ನನ್ನ ಪಟ್ಟಿಯಲ್ಲಿ ತಲೆಬರಹದ ಸಾಲು ಮೊದಲೇ ಇರುತ್ತದೆ. ಹಾಗಾಗಿ ದರವೇ ಇಲ್ಲದ ಟೇಬಲ್ಲಿಗೂ ವಿಸಿಬಿಲಿಟಿ ಸೈ ಅಂದುಬಿಟ್ಟಿತು! ಕೊನೆಗೆ ಲ್ಯಾಂಬ್ಡಾದಲ್ಲಿ (ಹೆಸರಿಲ್ಲದ ಪುಟ್ಟ ಫಂಕ್ಷನ್) ಷರತ್ತನ್ನು ನಾನೇ ಬರೆದೆ: ದರದ ಸಾಲುಗಳನ್ನು ಹುಡುಕು, 4 ಇದ್ದರೆ ಅವುಗಳ ಲಿಸ್ಟನ್ನೇ ಕೊಡು, ಇಲ್ಲದಿದ್ದರೆ ಫಾಲ್ಸ್. ಲ್ಯಾಂಬ್ಡಾ ಕೊಟ್ಟಿದ್ದನ್ನು ಅನ್‌ಟಿಲ್ ಹಾಗೆಯೇ ನಮ್ಮ ಕೈಗಿಡುವುದರಿಂದ ಸಾಲುಗಳನ್ನು ಮತ್ತೆ ಹುಡುಕುವ ಕೆಲಸವಿಲ್ಲ. ಇದು ನನಗೆ ತುಂಬಾ ಇಷ್ಟವಾಯಿತು.

ರಿಫ್ರೆಶ್ ಬಟನ್ ಒತ್ತಿದರೆ ಪುಟ ಹಳೆಯ ಸಾಲುಗಳನ್ನು ಕಿತ್ತು ಹೊಸದನ್ನು ಹಾಕುತ್ತದೆ. ಹಳೆಯದನ್ನು ಮುಟ್ಟಿದರೆ ಸ್ಟೇಲ್ ಎಲಿಮೆಂಟ್ ಎರರ್. ಹಳೆಯ ಸಾಲೊಂದರ ಸ್ಟೇಲ್‌ನೆಸ್‌ಗೆ, ಅಂದರೆ ಅದು ಡಾಮ್‌ನಿಂದ ಹೋಗುವುದಕ್ಕೆ ಕಾದು, ನಂತರ 4 ಸಾಲಿನ ಷರತ್ತಿಗೆ ಕಾಯಿರಿ.

ಇಂಪ್ಲಿಸಿಟ್ ವೇಟನ್ನು (ಪ್ರತಿ ಎಲಿಮೆಂಟ್ ಹುಡುಕುವಾಗಲೂ ಅನ್ವಯಿಸುವ ಒಂದೇ ಗಡುವು) ಇದರ ಜೊತೆ ಬೆರೆಸಬೇಡಿ. ಇಂಪ್ಲಿಸಿಟ್ 10, ಎಕ್ಸ್‌ಪ್ಲಿಸಿಟ್ 15 ಇಟ್ಟರೆ ಟೈಮ್‌ಔಟ್ 20 ಸೆಕೆಂಡಿಗೆ ಆಗಬಹುದು ಎಂದು ಸೆಲೆನಿಯಂ ದಾಖಲೆಯೇ ಎಚ್ಚರಿಸುತ್ತದೆ. ನಾನು ಇಂಪ್ಲಿಸಿಟ್ ಸಾಲನ್ನು ಅಳಿಸಿದ್ದೇನೆ. ಆಗ ಅದು ಡೀಫಾಲ್ಟ್ ಆದ 0ಯಲ್ಲೇ ಇರುತ್ತದೆ.