ಕಣ್ಣು ಮುಂದಿನ ಗಾಡಿಗೆ, ಪೆಟ್ಟು ಹಿಂದಿನ ಗಾಡಿಗೆ

“ಡ್ಯಾಶ್ ಕ್ಯಾಮ್ ಹಾಕ್ಸಿದ್ದೀನಲ್ಲ ಸಾರ್, ಎಲ್ಲಾ ರೆಕಾರ್ಡ್ ಆಗಿರುತ್ತೆ.” ಟ್ರೇಲರ್‌ನ ಹಿಂಬದಿಯ ಮೂಲೆ ಜಜ್ಜಿಸಿಕೊಂಡು ಬಂದವರ ಬಾಯಲ್ಲಿ ಮೊದಲು ಬರುವ ಮಾತು ಇದೇ. ನಾನು ಮೆಮರಿ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕುತ್ತೇನೆ. ಮುಂದಿನ ಕ್ಯಾಮೆರಾದಲ್ಲಿ ರಸ್ತೆ ಇದೆ, ಆಕಾಶ ಇದೆ, ಎದುರು ಬಂದ ಗಾಡಿಗಳಿವೆ. ಹಿಂಗಾಜಿನ ಕ್ಯಾಮೆರಾದಲ್ಲಿ ಟ್ರೇಲರ್‌ನ ಮುಂಗೋಡೆ ಇದೆ. ಗಂಟೆಗಟ್ಟಲೆ ಅದೇ ಬಿಳಿ ಗೋಡೆ. ಪೆಟ್ಟು ಬಿದ್ದ ಜಾಗ ಆ ಗೋಡೆಯ ಆಚೆ, ಐದಾರು ಮೀಟರ್ ಹಿಂದೆ.

ಗಾಡಿಗೆ ಟ್ರೇಲರ್ ಜೋಡಿಸುವ ಕೊಂಡಿಯನ್ನು, ಅಂದರೆ ಹಿಚ್ ಅನ್ನು ಕೂರಿಸುವುದು, ಟ್ರೇಲರ್‌ಗೆ ವೈರಿಂಗ್ ಮಾಡುವುದು, ಬ್ರೇಕ್ ಸರಿ ಹೊಂದಿಸುವುದು ನನ್ನ ಕೆಲಸ. ಕ್ಯಾಮೆರಾ ಈಚೆಗೆ ಅದರ ಜೊತೆಗೆ ಬಂದು ಸೇರಿಕೊಂಡಿತು. ಟ್ರೇಲರ್ ಎಳೆಯುವವರಿಗೆ ಡ್ಯಾಶ್ ಕ್ಯಾಮ್ ಬೇಕೇ ಬೇಡವೇ ಎಂದು ದಿನಕ್ಕೊಬ್ಬರಾದರೂ ಕೇಳುತ್ತಾರೆ. ಬೇಕು ಎಂದೇ ನನ್ನ ಉತ್ತರ. ಆದರೆ ಅದು ಏನನ್ನು ನೋಡುವುದಿಲ್ಲ, ಏನನ್ನು ಉಳಿಸಿಕೊಳ್ಳುವುದಿಲ್ಲ ಎನ್ನುವುದನ್ನು ಹೇಳಿ ಹೇಳಿ ಬಾಯಿ ನೋವು ಬಂದಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ಹಿಂಗಾಜಿಗೆ ಗೋಡೆ ಅಡ್ಡ ಬರುತ್ತದೆ ಎನ್ನುವುದು ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಅರ್ಥವಾಗದೆ ಉಳಿಯುವುದು ಇನ್ನೊಂದು ವಿಷಯ: ಡ್ಯಾಶ್ ಕ್ಯಾಮ್‌ನ ಸೆನ್ಸರ್.

ಡ್ಯಾಶ್ ಕ್ಯಾಮ್ ಒಂದು, ಮೂರು ಅಥವಾ ಐದು ನಿಮಿಷದ ತುಂಡುಗಳಾಗಿ ವಿಡಿಯೊ ಬರೆದುಕೊಳ್ಳುತ್ತಾ ಹೋಗುತ್ತದೆ. ಕಾರ್ಡ್ ತುಂಬಿದಾಗ ಎಲ್ಲಕ್ಕಿಂತ ಹಳೆಯ ತುಂಡನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುತ್ತದೆ. ಅಪಘಾತದ ತುಂಡು ಅಳಿಯಬಾರದಲ್ಲ, ಅದಕ್ಕೆಂದು ಒಳಗೊಂದು ಚಿಕ್ಕ ಸೆನ್ಸರ್ ಇದೆ. ಗಾಡಿ ಥಟ್ಟನೆ ಕುಲುಕಿದರೆ ಆ ಹೊತ್ತಿನ ತುಂಡಿಗೆ ಅದು ಬೀಗ ಹಾಕುತ್ತದೆ. ಕುಲುಕಾಟ ಎಲ್ಲಿಯದು? ಸೆನ್ಸರ್ ಅಂಟಿಕೊಂಡಿರುವ ಗಾಜಿನದು. ಅಂದರೆ ಎಳೆಯುವ ಗಾಡಿಯದು. ಟ್ರೇಲರ್‌ಗೆ ಏನಾಯಿತು ಎನ್ನುವುದು ಅದಕ್ಕೆ ನೇರವಾಗಿ ಗೊತ್ತಾಗುವ ದಾರಿಯೇ ಇಲ್ಲ.

“ಎರಡೂ ಜೋಡಿಸಿದ ಗಾಡಿ ತಾನೇ, ಪೆಟ್ಟು ಮುಂದಕ್ಕೆ ಬರೋದಿಲ್ವಾ?” ಎಂದು ಕೇಳುತ್ತಾರೆ. ಬರುತ್ತದೆ, ಆದರೆ ಸಾಲುವಷ್ಟು ಬರುವುದಿಲ್ಲ. ಟ್ರೇಲರ್ ತನ್ನದೇ ಚಕ್ರಗಳ ಮೇಲೆ ನಿಂತಿದೆ. ಅದರ ಹಿಂತುದಿಗೆ ಪಕ್ಕದಿಂದ ತಗುಲಿದ ಪೆಟ್ಟಿನ ಬಹುಪಾಲನ್ನು ಅದರ ಟೈರುಗಳೇ ನುಂಗುತ್ತವೆ. ಮಿಕ್ಕಿದ್ದು ಹಿಚ್‌ನ ಉಕ್ಕಿನ ಗುಂಡನ್ನು ದಾಟಿ ಬರಬೇಕು. ಆ ಗುಂಡು ಇರುವುದೇ ಎರಡು ಗಾಡಿಗಳು ಒಂದಕ್ಕೊಂದು ಬೇರೆಯಾಗಿ ತಿರುಗಲಿ ಎಂದು. ನಿಂತಿರುವ ಕಾರಿನ ಬಾಗಿಲಿನ ಉದ್ದಕ್ಕೂ ಗೀರು ಎಳೆಯಲು ಹೆಚ್ಚಿನ ಬಲ ಬೇಕಿಲ್ಲ. ಒಂದೂವರೆ ಟನ್ನಿನ ಟ್ರೇಲರ್, ಎರಡು ಟನ್ನಿನ ಗಾಡಿ ಒಟ್ಟಿಗೆ ಚಲಿಸುವಾಗ ಅಷ್ಟು ಬಲ ಮುಂದಿನ ಗಾಜಿನವರೆಗೆ ಬಂದು ಸೆನ್ಸರನ್ನು ಎಬ್ಬಿಸುತ್ತದೆ ಎಂದು ನಂಬಿ ಕೂರಬಾರದು.

ಬಾಯಿಮಾತಿನಲ್ಲಿ ಇದನ್ನು ಯಾರೂ ನಂಬುತ್ತಿರಲಿಲ್ಲ. ಈಗ ಮಾಡಿ ತೋರಿಸುತ್ತೇನೆ. ಎಂಜಿನ್ ಓಡುತ್ತಿರಲಿ, ಕಿಟಕಿ ಮುಚ್ಚಿರಲಿ, ನೀವು ಡ್ರೈವರ್ ಸೀಟಿನಲ್ಲಿ ಕೂತಿರಿ ಎಂದು ಹೇಳಿ, ಹಿಂದೆ ಹೋಗಿ ಟ್ರೇಲರ್‌ನ ಮೂಲೆಗೆ ರಬ್ಬರ್ ಸುತ್ತಿಗೆಯಿಂದ ನಾಲ್ಕು ಸಲ ಚೆನ್ನಾಗಿಯೇ ಬಡಿಯುತ್ತೇನೆ. ಆಮೇಲೆ ಮುಂದೆ ಬಂದು “ಎಷ್ಟು ಸಲ ಹೊಡೆದೆ?” ಎಂದು ಕೇಳುತ್ತೇನೆ. “ಶುರು ಮಾಡಿದ್ರಾ?” ಎಂದು ಕೇಳಿದವರಿದ್ದಾರೆ. ಲಾಕ್ ಆದ ಫೈಲುಗಳ ಪಟ್ಟಿ ತೆರೆದು ನೋಡಿದರೆ ಖಾಲಿ. ಎಲ್ಲ ಗಾಡಿಯಲ್ಲೂ ಹೀಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಹಿಚ್ ಬಿಗಿಯಾಗಿದ್ದು ಟ್ರೇಲರ್ ಹಗುರವಾಗಿದ್ದರೆ ಸ್ವಲ್ಪ ಅದುರು ಮುಂದಕ್ಕೆ ಬರಬಹುದು. ನಿಮ್ಮ ಗಾಡಿಯಲ್ಲಿ ನೀವೇ ಮಾಡಿ ನೋಡಿ.

ಇದರ ನಷ್ಟ ಏನೆಂದು ಕಣ್ಣಾರೆ ಕಂಡದ್ದು ಒಂದು ಕುಟುಂಬದ ಕ್ಯಾರವಾನ್, ಅಂದರೆ ಒಳಗೇ ವಾಸಿಸಬಹುದಾದ ಟ್ರೇಲರ್ ವಿಷಯದಲ್ಲಿ. ಬೆಳಿಗ್ಗೆ ಪೆಟ್ರೋಲ್ ಬಂಕ್‌ನಿಂದ ಹೊರಗೆ ಬರುವಾಗ ಬಲಕ್ಕೆ ಜೋರಾಗಿ ತಿರುಗಿಸಿದ್ದಾರೆ. ಬಲಕ್ಕೆ ತಿರುಗಿದಾಗ ಟ್ರೇಲರ್‌ನ ಚಕ್ರ ಒಳಗೆ, ಬಲಕ್ಕೆ ಕತ್ತರಿಸಿಕೊಂಡು ಬರುತ್ತದೆ. ಆಕ್ಸಲ್‌ನ ಹಿಂದಿನ ಭಾಗ ಮಾತ್ರ ಎಡಕ್ಕೆ ಬೀಸುತ್ತದೆ. ಎಲ್ಲರ ಗಮನ ಒಳಗಿನ ಚಕ್ರದ ಮೇಲೆ ಇರುತ್ತದೆ, ಬೀಸುವ ಬಾಲದ ಮೇಲೆ ಇರುವುದಿಲ್ಲ. ಎಡಕ್ಕೆ ನಿಂತಿದ್ದ ಕಾರಿಗೆ ಅದು ತಾಗಿತೋ, ಇಲ್ಲ ಆ ಕಾರೇ ಮುಂದಕ್ಕೆ ಬಂದು ಇದಕ್ಕೆ ತಾಗಿತೋ, ಇವರಿಗೆ ಗೊತ್ತೇ ಆಗಲಿಲ್ಲ. ಸಂಜೆ ಟ್ರೇಲರ್ ನಿಲ್ಲಿಸಿ ಹಿಂದಕ್ಕೆ ಹೋದಾಗ ಗೀರು ಕಂಡಿತು. ಅಷ್ಟರಲ್ಲಿ ಆ ಕಾರಿನವರು ನಂಬರ್ ಹಿಡಿದು ದೂರು ಕೊಟ್ಟಾಗಿತ್ತು. ಇವರದು ಎರಡು ಕ್ಯಾಮೆರಾ, 64 ಜಿಬಿ ಕಾರ್ಡ್. ಮುಂದಿನದು 4ಕೆ. ಎರಡೂ ಸೇರಿ ಸೆಕೆಂಡಿಗೆ ಸುಮಾರು 40 ಮೆಗಾಬಿಟ್ ಬರೆಯುತ್ತವೆ ಎಂದಿಟ್ಟುಕೊಂಡರೆ ಅದು 5 ಮೆಗಾಬೈಟ್, ಗಂಟೆಗೆ 18 ಜಿಬಿ. ಮೂರೂವರೆ ಗಂಟೆಯಲ್ಲಿ ಕಾರ್ಡ್ ತುಂಬಿತು. ಅವರು ಓಡಿಸಿದ್ದು ಏಳು ಗಂಟೆ. ಬೆಳಗಿನ ಬಂಕ್ ಮಧ್ಯಾಹ್ನಕ್ಕೆ ಮುಂಚೆಯೇ ಅಳಿಸಿಹೋಗಿತ್ತು. ಮುಂದಿನ ಕ್ಯಾಮೆರಾದ ಆ ಒಂದು ತುಂಡು ಉಳಿದಿದ್ದರೆ, ಬಂಕಿನೊಳಗೆ ಬರುವಾಗ ಆ ಕಾರು ಎಲ್ಲಿ ನಿಂತಿತ್ತು ಎನ್ನುವುದಾದರೂ ಕಾಣುತ್ತಿತ್ತು. ಆ ಮನೆಯ ಹೆಣ್ಣುಮಗಳು ನನ್ನ ಮುಂದೆ ಕೂತು “ನಮ್ಮದೇ ತಪ್ಪಾಗಿದ್ರೆ ಕೊಟ್ಟುಬಿಡ್ತೀವಿ, ಆದ್ರೆ ಗೊತ್ತಾಗಬೇಕಲ್ವಾ” ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಹಾಗಾದರೆ ಸೆನ್ಸರನ್ನು ಚುರುಕು ಮಾಡಿದರಾಯಿತು ಎನ್ನುತ್ತಾರೆ. ಮಾಡಿ ನೋಡಿ. ಹಿಚ್‌ನಲ್ಲಿ ಯಾವಾಗಲೂ ಕೊಂಚ ಸಡಿಲ ಇದ್ದೇ ಇರುತ್ತದೆ. ಹೊರಡುವಾಗ ಒಂದು ಎಳೆತ, ನಿಲ್ಲಿಸುವಾಗ ಒಂದು ತಳ್ಳು, ರಸ್ತೆಯ ಉಬ್ಬು ದಾಟುವಾಗ ಮೊದಲು ಗಾಡಿಯ ಚಕ್ರ, ಆಮೇಲೆ ಟ್ರೇಲರ್‌ನ ಚಕ್ರ. ಸೆನ್ಸರ್ ಚುರುಕಾಗಿದ್ದರೆ ಇವೆಲ್ಲವನ್ನೂ ಅಪಘಾತ ಎಂದುಕೊಂಡು ಬೀಗ ಹಾಕುತ್ತಾ ಹೋಗುತ್ತದೆ. ಬೀಗ ಬಿದ್ದ ಫೈಲುಗಳಿಗೆ ಮೀಸಲಾದ ಜಾಗ ತುಂಬಿದ ಮೇಲೆ ಕೆಲವು ಕ್ಯಾಮೆರಾಗಳು ಬೀಗ ಹಾಕಿದ್ದನ್ನೇ ಅಳಿಸಲು ಶುರು ಮಾಡುತ್ತವೆ, ಕೆಲವು ರೆಕಾರ್ಡಿಂಗನ್ನೇ ನಿಲ್ಲಿಸಿಬಿಡುತ್ತವೆ. ಟ್ರೇಲರ್ ಕಟ್ಟಿದಾಗ ಸೆನ್ಸರನ್ನು ಕಡಿಮೆಗೆ ಇಡಿ. ಬದಲಿಗೆ ಬೀಗ ಹಾಕುವ ಗುಂಡಿ ಕ್ಯಾಮೆರಾದಲ್ಲಿ ಎಲ್ಲಿದೆ ಎಂದು ಬೆರಳಿಗೆ ರೂಢಿ ಮಾಡಿಸಿ. ಇಕ್ಕಟ್ಟಿನಲ್ಲಿ ತಿರುಗಿಸಿದಿರಾ, ಏನೋ ಸದ್ದು ಕೇಳಿದಂತಾಯಿತಾ, ಗುಂಡಿ ಒತ್ತಿ. ಸುರಕ್ಷಿತವಾದ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ, ಇಳಿದು, ಟ್ರೇಲರ್‌ಗೆ ಒಂದು ಸುತ್ತು ಬನ್ನಿ. ದೂರದ ಪ್ರಯಾಣಕ್ಕೆ ದೊಡ್ಡ ಕಾರ್ಡ್ ಹಾಕಿ. ಅದು ಕ್ಯಾಮೆರಾಗಳಿಗೆಂದೇ ಮಾಡಿದ, ಪದೇ ಪದೇ ಬರೆದು ಅಳಿಸುವುದನ್ನು ತಡೆದುಕೊಳ್ಳುವ ಜಾತಿಯದಾಗಿರಲಿ. ಸಾಮಾನ್ಯ ಕಾರ್ಡ್ ಬೇಗ ಸವೆದು, ಬೇಕಾದ ದಿನವೇ ಕೈ ಕೊಡುತ್ತದೆ.

ಇನ್ನು ಟ್ರೇಲರ್‌ನ ಬಾಲಕ್ಕೆ ಕ್ಯಾಮೆರಾ. ಅದನ್ನು ಕೂರಿಸಿದ ಮೇಲೂ ಜನ ಮೋಸ ಹೋಗುತ್ತಾರೆ, ಏಕೆಂದರೆ ತೋರಿಸುವ ಕ್ಯಾಮೆರಾ ಬೇರೆ, ಬರೆದುಕೊಳ್ಳುವ ಕ್ಯಾಮೆರಾ ಬೇರೆ. ರಿವರ್ಸ್ ತೆಗೆಯಲೆಂದು ಮಾರುವ ವೈರ್‌ಲೆಸ್ ಸೆಟ್‌ಗಳಲ್ಲಿ ಎಷ್ಟೋ ಬರೀ ತೋರಿಸುತ್ತವೆ. ಸ್ಕ್ರೀನ್‌ನಲ್ಲಿ ಚಿತ್ರ ಬರುತ್ತಿದೆ ಎಂದ ಮಾತ್ರಕ್ಕೆ ಅದು ಎಲ್ಲೋ ಉಳಿಯುತ್ತಿದೆ ಎಂದಲ್ಲ. ಕೊಳ್ಳುವ ಮುನ್ನ ಕಾರ್ಡ್ ಹಾಕುವ ಕಿಂಡಿ ಇದೆಯೇ ನೋಡಿ. ವೈರ್‌ಲೆಸ್ ಆದರೆ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ತರಂಗ. ತಗಡಿನ ಗೋಡೆ, ಒಳಗೆ ತುಂಬಿದ ಸಾಮಾನು, ಇವೆಲ್ಲ ಅದನ್ನು ಕುಂದಿಸುತ್ತವೆ. ಖಾಲಿ ಟ್ರೇಲರ್‌ನಲ್ಲಿ ಚೆನ್ನಾಗಿ ಬಂದ ಚಿತ್ರ ಲೋಡ್ ಆದ ಮೇಲೆ ತಡವರಿಸಿದ್ದನ್ನು ನೋಡಿದ್ದೇನೆ. ನನ್ನನ್ನು ಕೇಳಿದರೆ ತಂತಿ ಎಳೆಸುವುದೇ ವಾಸಿ. ಏಳು ಪಿನ್‌ನ ಟ್ರೇಲರ್ ಸಾಕೆಟ್ ದೀಪ, ಇಂಡಿಕೇಟರ್, ಬ್ರೇಕ್, 12 ವೋಲ್ಟ್ ಕರೆಂಟನ್ನು ಒಯ್ಯುತ್ತದೆ, ವಿಡಿಯೊವನ್ನು ಒಯ್ಯುವುದಿಲ್ಲ. ಅದಕ್ಕೆ ಬೇರೆಯೇ ಕೇಬಲ್, ಬೇರೆಯೇ ಕನೆಕ್ಟರ್ ಬೇಕು.

ಕರೆಂಟಿನ ವಿಷಯದಲ್ಲೂ ಒಂದು ಎಚ್ಚರಿಕೆ. ಸುಲಭವೆಂದು ಟ್ರೇಲರ್‌ನ ಹಿಂದೀಪದ ತಂತಿಗೆ ಕ್ಯಾಮೆರಾ ಜೋಡಿಸಿಬಿಡುತ್ತಾರೆ. ದೀಪ ಹಾಕದಿದ್ದರೆ ಕ್ಯಾಮೆರಾ ಇಲ್ಲ. ಹಗಲು ಓಡಿಸಿದ ಅಷ್ಟೂ ಹೊತ್ತು ರೆಕಾರ್ಡಿಂಗ್ ಆಗಿಲ್ಲ ಎಂದು ದೂರು ಹೇಳಿಕೊಂಡು ಬಂದವರ ಗಾಡಿಯಲ್ಲಿ ನಾನು ಮೊದಲು ನೋಡುವುದೇ ಇದನ್ನು. ಸದಾ ಕರೆಂಟ್ ಇರುವ ಪಿನ್‌ಗೆ ಜೋಡಿಸಿದರೆ ಇನ್ನೊಂದು ತೊಂದರೆ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಅದು ಬತ್ತುವುದಿಲ್ಲ. 0.3 ಆಂಪಿಯರ್ ಎಳೆಯುವ ಕ್ಯಾಮೆರಾ ಒಂದು ದಿನಕ್ಕೆ 7 ಆಂಪಿಯರ್-ಅವರ್ ಕುಡಿಯುತ್ತದೆ. ನಾಲ್ಕೈದು ದಿನ ಗಾಡಿ ನಿಲ್ಲಿಸಿ ಹೋದರೆ ಬ್ಯಾಟರಿ ಸುಸ್ತಾಗುತ್ತದೆ. ವೋಲ್ಟೇಜ್ ಇಳಿದಾಗ ತಾನೇ ಕಡಿದುಕೊಳ್ಳುವ ಕಿಟ್ ಹಾಕಿಸಿ.

ಬಾಲದ ಚಿತ್ರ ಮುಂದೆ ಕಾಣತೊಡಗಿದ ಮೇಲೆ ಇನ್ನೊಂದು ಅಪಾಯ ಶುರುವಾಗುತ್ತದೆ, ಇದರ ಬಗ್ಗೆ ನನಗೆ ನಿಜವಾಗಿ ಭಯ ಇದೆ. ಕುದುರೆಗಳನ್ನು ಸಾಗಿಸುವ ಒಬ್ಬ ಮಹಿಳೆ ಟ್ರೇಲರ್‌ನ ಒಳಗೂ ಒಂದು ಕ್ಯಾಮೆರಾ ಹಾಕಿಸಿಕೊಂಡರು. ಕುದುರೆ ಕಾಲು ಕೆದರಿತಾ, ತಲೆ ಎತ್ತಿತಾ, ಬೆವರಿತಾ ಎಂದು ನೋಡದೆ ಇರಲು ಅವರಿಂದ ಆಗುತ್ತಿರಲಿಲ್ಲ. ಆ ಪ್ರೀತಿಯನ್ನು ನಾನು ಹೇಗೆ ತಪ್ಪೆನ್ನಲಿ? ಆದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 22 ಮೀಟರ್ ಸಾಗುತ್ತೀರಿ. ಎರಡು ಸೆಕೆಂಡ್ ಸ್ಕ್ರೀನ್ ನೋಡಿದರೆ 44 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ. ಟ್ರೇಲರ್ ಇದ್ದಾಗ ನಿಲ್ಲಲು ಬೇಕಾದ ದೂರವೂ ಹೆಚ್ಚು. ಅವರ ಒಪ್ಪಿಗೆ ಪಡೆದು ಸ್ಕ್ರೀನನ್ನು ಪಕ್ಕದ ಸೀಟಿನವರ ಕಡೆಗೆ ತಿರುಗಿಸಿಟ್ಟೆ. ಒಬ್ಬರೇ ಹೋಗುವಾಗ ಆರಿಸಿಬಿಡುತ್ತಾರೆ, ಗಂಟೆಗೊಮ್ಮೆ ನಿಲ್ಲಿಸಿ ಹೋಗಿ ಮುಟ್ಟಿ ಮಾತಾಡಿಸಿ ಬರುತ್ತಾರೆ.

ಲಾಭವೂ ದೊಡ್ಡದೇ. ಟ್ರೇಲರ್ ಎಳೆಯುವವನು ಮುಂದೆ ಜಾಗ ಬಿಟ್ಟುಕೊಂಡು ಹೋಗುತ್ತಾನೆ, ಆ ಜಾಗಕ್ಕೆ ಇನ್ನೊಬ್ಬ ಬಂದು ನುಗ್ಗಿ ಬ್ರೇಕ್ ಹಾಕುತ್ತಾನೆ. ಹಿಂದಿನಿಂದ ಗುದ್ದಿದವನದೇ ತಪ್ಪು ಎಂದು ಜನ ನೋಡಿದ ತಕ್ಷಣ ತೀರ್ಮಾನಿಸಿಬಿಡುತ್ತಾರೆ. ದೋಣಿಯ ಟ್ರೇಲರ್ ಎಳೆಯುತ್ತಿದ್ದ ನನ್ನ ಗಿರಾಕಿಯೊಬ್ಬರು ಇದೇ ರೀತಿ ಸಿಕ್ಕಿಕೊಂಡಿದ್ದರು. ಮುಂದಿನ ಕ್ಯಾಮೆರಾದ ಹನ್ನೊಂದು ಸೆಕೆಂಡ್ ಅವರನ್ನು ಉಳಿಸಿತು.

ಇನ್ನೊಬ್ಬರಿಗೆ ಅದು ಪಾಠ ಹೇಳಿತು. ದೊಡ್ಡ ಲಾರಿ ಪಕ್ಕದಲ್ಲಿ ಹಾದು ಹೋದಾಗ ಟ್ರೇಲರ್ ನಾಯಿಬಾಲದಂತೆ ಅಲ್ಲಾಡಿತು, ಲಾರಿಯ ಗಾಳಿಯದೇ ಕಾಟ ಎಂದು ಹೇಳಿಕೊಂಡು ಬಂದರು. ವಿಡಿಯೊ ಮೆಲ್ಲಗೆ ಓಡಿಸಿ ನೋಡಿದೆವು. ದಿಗಂತ ಎಡಕ್ಕೂ ಬಲಕ್ಕೂ ವಾಲತೊಡಗಿದ್ದು ಲಾರಿ ಬರುವುದಕ್ಕೆ ಎಷ್ಟೋ ಮುಂಚೆ, ಇಳಿಜಾರಿನಲ್ಲಿ, ವಿಡಿಯೊದ ಮೂಲೆಯಲ್ಲಿ ಅಚ್ಚಾಗಿದ್ದ ವೇಗ 85 ದಾಟಿ 100ಕ್ಕೆ ಹತ್ತಿರವಾಗುವಾಗ. ಟ್ರೇಲರ್ ತೆರೆದರೆ ಭಾರವೆಲ್ಲ ಹಿಂದೆ. ಗುಂಡಿನ ಹಿಚ್‌ನ ಮೇಲೆ ಟ್ರೇಲರ್‌ನ ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಒತ್ತಡ ಇರಬೇಕು ಎನ್ನುವುದು ಹಲವು ತಯಾರಕರ ಲೆಕ್ಕ. ನಿಮ್ಮ ಗಾಡಿಯ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು. ಇವರದರಲ್ಲಿ ಅದರ ಹತ್ತಿರವೂ ಇರಲಿಲ್ಲ. ಮೇಲಾಗಿ ಅವರು ಅಲ್ಲಾಟ ಶುರುವಾದಾಗ ಬ್ರೇಕ್ ಒತ್ತಿದ್ದರು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೆಟ್ಟಗೆ ಹಿಡಿದು, ಟ್ರೇಲರ್ ಬ್ರೇಕಿಗೆ ಪ್ರತ್ಯೇಕ ಕೈಹಿಡಿ ಇದ್ದರೆ ಅದನ್ನಷ್ಟೇ ಮೆಲ್ಲಗೆ ಬಳಸಬೇಕಿತ್ತು. ಬದುಕಿ ಬಂದದ್ದು ಪುಣ್ಯ.

ಧ್ವನಿ ರೆಕಾರ್ಡ್ ಮಾಡುವುದನ್ನು ಹಲವರು ಆರಿಸುತ್ತಾರೆ, ಮನೆಯವರ ಮಾತು ಅದರಲ್ಲಿ ಸೇರುತ್ತದೆ ಎಂದು. ಅದು ನ್ಯಾಯವೇ. ಆದರೆ ಒಬ್ಬರ ರೆಕಾರ್ಡಿಂಗ್‌ನಲ್ಲಿ ಗಾಡಿ ಹೊರಟಾಗಲೆಲ್ಲ ‘ಟಕ್’ ಎಂದು ಕೇಳುತ್ತಿತ್ತು. ಅದೇ ಸದ್ದನ್ನು ಬೆನ್ನು ಹತ್ತಿ ಹೋದಾಗ ಗುಂಡಿನ ಕೆಳಗಿನ ನಟ್ ಸಡಿಲವಾಗಿರುವುದು ಸಿಕ್ಕಿತು.

ನಿಮ್ಮ ಕ್ಯಾಮೆರಾ ನಿಮ್ಮ ವಿರುದ್ಧವೂ ಹೇಳಬಲ್ಲದು. ಟ್ರೇಲರ್ ಕಟ್ಟಿದಾಗ ಎಷ್ಟೋ ಕಡೆ ವೇಗಮಿತಿಯೇ ಬೇರೆ. ಜರ್ಮನಿಯಲ್ಲಿ ವಿಶೇಷ ಅನುಮತಿ ಇಲ್ಲದ ಟ್ರೇಲರ್‌ಗೆ ಗಂಟೆಗೆ 80 ಕಿಲೋಮೀಟರ್, ಕ್ಯಾಲಿಫೋರ್ನಿಯಾದಲ್ಲಿ 55 ಮೈಲಿ, ಬ್ರಿಟನ್ನಿನ ಮೋಟಾರ್‌ವೇಗಳಲ್ಲಿ 60 ಮೈಲಿ. ಜಿಪಿಎಸ್ ಬರೆದಿಟ್ಟ ವೇಗ ಅದಕ್ಕಿಂತ ಮೇಲಿದ್ದರೆ ವಿಡಿಯೊ ಯಾರ ಪರ ನಿಲ್ಲುತ್ತದೆ ಎಂದು ಹೇಳಲಾಗದು. ವಿಡಿಯೊವನ್ನು ಸಾಕ್ಷ್ಯವಾಗಿ ಒಪ್ಪುವ ವಿಚಾರದಲ್ಲೂ ದೇಶದಿಂದ ದೇಶಕ್ಕೆ ನಿಯಮ ಬೇರೆ. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2018ರಲ್ಲಿ, ಸತತ ರೆಕಾರ್ಡಿಂಗ್ ಖಾಸಗಿತನದ ಕಾನೂನಿಗೆ ವಿರುದ್ಧವಾಗಿದ್ದರೂ ಅಪಘಾತದ ದಾವೆಯಲ್ಲಿ ಅದನ್ನು ಪರಿಗಣಿಸಬಹುದು ಎಂದಿತು. ನಾನು ವಕೀಲನಲ್ಲ. ಗಡಿ ದಾಟುವವರು ಅಲ್ಲಿನ ಕಾನೂನು ಬಲ್ಲವರನ್ನು ಕೇಳಿಕೊಂಡು ಹೋಗಿ.

ಹೊಸದಾಗಿ ಮದುವೆಯಾದ ಜೋಡಿಯೊಂದು ಹಳೆಯ ಟ್ರೇಲರ್ ಕೊಂಡು ನನ್ನಲ್ಲಿಗೆ ಬಂದಿತ್ತು. ನಾಲ್ಕು ಕ್ಯಾಮೆರಾದ ಸೆಟ್ ಬೇಕು ಎಂದರು. ಟ್ರೇಲರ್‌ನ ಬ್ರೇಕ್ ಒಂದು ಕಡೆ ಹಿಡಿಯುತ್ತಲೇ ಇರಲಿಲ್ಲ, ಗಾಡಿಗೆ ಉದ್ದನೆಯ ಕನ್ನಡಿಗಳಿರಲಿಲ್ಲ. ಇರುವ ಹಣದಲ್ಲಿ ಎರಡೂ ಆಗುವಂತಿರಲಿಲ್ಲ. ಕ್ಯಾಮೆರಾ ಸದ್ಯಕ್ಕೆ ಬೇಡ, ಬ್ರೇಕ್ ಮತ್ತು ಕನ್ನಡಿ ಮಾಡಿಸಿಕೊಳ್ಳಿ ಎಂದೆ. ಹುಡುಗನ ಮುಖ ಸಪ್ಪಗಾಯಿತು, ಹುಡುಗಿ ಒಪ್ಪಿದಳು. ಒಂದು ವರ್ಷದ ಮೇಲೆ ಮತ್ತೆ ಬಂದರು, ಬಾಲಕ್ಕೆ ಒಂದೇ ಒಂದು ಕ್ಯಾಮೆರಾ ಹಾಕಿಸಲು. ತಂತಿ ಎಳೆಯುವಾಗ ಹೇಗೂ ಚಕ್ರ ಬಿಚ್ಚಿದ್ದೆ, ಬ್ರೇಕ್ ಶೂಗಳನ್ನೂ ನೋಡಿದೆ. ಎರಡೂ ಕಡೆ ಸಮವಾಗಿ ಸವೆದಿದ್ದವು.