ತಲೆ ಬಾಚಿದರೂ ಮೇಲುಸಿರು

ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಸರಿ. ತಲೆ ಬಾಚಿಕೊಂಡರೆ ಯಾಕೆ ಬರಬೇಕು? ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರನ್ನು ಕೇಳಿ ನೋಡಿ. ಬೆಳಿಗ್ಗೆ ಸ್ನಾನ ಮುಗಿಸಿ ಬಟ್ಟೆ ಹಾಕಿಕೊಳ್ಳುವಷ್ಟರಲ್ಲೇ ಅವರಿಗೆ ಅರ್ಧ ದಿನ ದುಡಿದಷ್ಟು ಸುಸ್ತು.

ಈ ಕಾಯಿಲೆಯಲ್ಲಿ ಉಸಿರು ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದೇ ಜಾಸ್ತಿ ಕಷ್ಟ. ಗಾಳಿ ಹೋಗುವ ಸಣ್ಣ ದಾರಿಗಳು ಕಿರಿದಾಗಿರುತ್ತವೆ. ಹಳೆಯ ಗಾಳಿ ಒಳಗೇ ಉಳಿಯುತ್ತದೆ. ಶ್ವಾಸಕೋಶ ಉಬ್ಬಿ, ಅದರ ಕೆಳಗಿನ ವಪೆ ಚಪ್ಪಟೆಯಾಗುತ್ತದೆ. ಉಸಿರಾಟದ ಮುಖ್ಯ ಸ್ನಾಯು ಅದೇ. ಅದು ಸೋತಾಗ ಕುತ್ತಿಗೆ, ಭುಜದ ಸ್ನಾಯುಗಳು ಕೈಜೋಡಿಸುತ್ತವೆ. ಬಾಚಣಿಗೆ ಹಿಡಿದು ಕೈ ಎತ್ತಿದಿರೋ, ಆ ಸ್ನಾಯುಗಳು ತೋಳನ್ನೂ ಹೊರಬೇಕು. ದಮ್ಮು ಕಟ್ಟುವುದು ಅದಕ್ಕೇ. ಮೊಣಕಾಲಿಗೆ ಕೈಯೂರಿ ಮುಂದಕ್ಕೆ ಬಾಗಿ ಕೂತರೆ ಹಾಯೆನಿಸುವುದೂ ಅದಕ್ಕೇ.

ಅವಸರ ಮಾಡಿದರೆ ಇನ್ನೂ ಕಷ್ಟ. ಒಂದು ಉಸಿರು ಪೂರ್ತಿ ಹೊರಹೋಗುವ ಮೊದಲೇ ಇನ್ನೊಂದು ಒಳಬರುತ್ತದೆ, ತುಂಬಿದ ಕೊಡಕ್ಕೆ ನೀರು ಸುರಿದ ಹಾಗೆ. ಹೊಟ್ಟೆ ತುಂಬ ಉಂಡರೂ ವಪೆಗೆ ಜಾಗ ಸಾಲದು.

ಹೆಚ್ಚಿನವರಿಗೆ ಬೆಳಗಿನ ಹೊತ್ತೇ ಕೆಟ್ಟದ್ದು. ರಾತ್ರಿಯೆಲ್ಲಾ ಕಫ ಕೂಡಿರುತ್ತದೆ. ದೇಹದ ಗಡಿಯಾರವೂ ನಸುಕಿನಲ್ಲಿ ಉಸಿರಿನ ದಾರಿಯನ್ನು ಕೊಂಚ ಬಿಗಿ ಮಾಡುತ್ತದೆ, ಆರೋಗ್ಯವಂತರಲ್ಲೂ. ಕೆಮ್ಮಿ ಕಫ ತೆಗೆದ ಮೇಲೆ ಸ್ವಲ್ಪ ಹಗುರ. ಹನ್ನೊಂದು ಗಂಟೆಗೆ ಡಾಕ್ಟರ ಮುಂದೆ ಕೂತಾಗ "ಪರವಾಗಿಲ್ಲ ಸಾರ್" ಅನ್ನುವುದು ಸುಳ್ಳೇನಲ್ಲ.

ತುಟಿಗಳನ್ನು ಸಿಳ್ಳೆ ಹೊಡೆಯುವಂತೆ ಚೂಪು ಮಾಡಿ ಮೆಲ್ಲಗೆ ಉಸಿರು ಬಿಟ್ಟರೆ ಒಳಗಿನ ದಾರಿಗಳು ಬೇಗ ಮುಚ್ಚಿಕೊಳ್ಳುವುದಿಲ್ಲ. ಸಿಕ್ಕಿಬಿದ್ದ ಗಾಳಿ ಹೊರಬರುತ್ತದೆ. ನಮ್ಮಲ್ಲಿ ಬೀಡಿ ಮುಟ್ಟದ ಎಷ್ಟೋ ಅಜ್ಜಿಯರಿಗೆ ಈ ಕಾಯಿಲೆ ಬಂದಿರುವುದು ಸೌದೆ ಒಲೆಯ ಹೊಗೆಯಿಂದ. ಊದುಕೊಳವೆ ಹಿಡಿದಾಗಲೂ ತುಟಿ ಹೀಗೇ ಇರುತ್ತಿತ್ತು, ಅಲ್ವಾ?

ಉಸಿರಿನ ಕಷ್ಟ ಅಳೆಯಲು ಡಾಕ್ಟರುಗಳ ಬಳಿ 0ಯಿಂದ 4ರವರೆಗಿನ ಒಂದು ಅಳತೆಯಿದೆ. ಬಟ್ಟೆ ಹಾಕಿಕೊಳ್ಳುವಾಗಲೂ ಏದುಸಿರು ಬಂದರೆ 4. ತೊಂದರೆಯೇನೆಂದರೆ, ಕಾಯಿಲೆ ಮೆಲ್ಲಗೆ ಬರುತ್ತದೆ, ಜನ ಅದಕ್ಕೆ ತಕ್ಕಂತೆ ಕೆಲಸ ಕಮ್ಮಿ ಮಾಡಿಕೊಳ್ಳುತ್ತಾರೆ. ವಯಸ್ಸಾಯ್ತು ಅಂದುಕೊಂಡು ಸುಮ್ನೆ ಇರುತ್ತಾರೆ. ಹಾಗಾಗಿ "ದಮ್ಮು ಬರುತ್ತಾ?" ಎಂದು ಕೇಳಿದರೆ ಸಾಲದು. ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಿ ಎಂದು ಕೇಳಬೇಕು. "ಏನೂ ಇಲ್ಲಪ್ಪ, ಗಿಡದಿಂದ ಹೂ ಕೀಳೋದು ಒಂದು ಬಿಟ್ಟೆ. ಕೊಂಬೆ ಎತ್ತರ ನೋಡು."