ಸೈನ್ಯದ ಆಕ್ಸಲ್ ಕೂರಿಸುವ ಮುಂಚೆ ಬ್ರೇಕ್ ಲೆಕ್ಕ ಹಾಕಿ

ಹೋದ ತಿಂಗಳು ಒಬ್ಬರು ಟ್ರೈಲರ್ ಮೇಲೆ ಎರಡು ಆಕ್ಸಲ್ ಹೇರಿಕೊಂಡು ನಮ್ಮ ಗ್ಯಾರೇಜಿಗೆ ಬಂದರು. ಸೈನ್ಯದ ಹಸಿರು ಬಣ್ಣ ಅಲ್ಲಲ್ಲಿ ಕಿತ್ತು ಬಂದಿತ್ತು. ಡ್ರಮ್ಮಿನ ಸುತ್ತ ಹಳೇ ಗ್ರೀಸು ಗಟ್ಟಿಯಾಗಿ ಕೂತಿತ್ತು. "ಇವು ಮುರಿಯೋದೇ ಇಲ್ಲವಂತೆ, ನನ್ನ ಪಿಕಪ್ಪಿಗೆ ಕೂರಿಸಿಕೊಡಿ" ಅಂದರು. "ಗಾಡಿ ನಿಲ್ಲಿಸೋದು ಹೇಗೆ ಅಂತ ಯೋಚನೆ ಮಾಡಿದ್ದೀರಾ?" ಅಂತ ಕೇಳಿದೆ. ಅವರು ಸುಮ್ಮನಾದರು.

ಅರಿಜೋನಾದಲ್ಲಿ ಈ ಕೆಲಸ ಮಾಡುತ್ತಾ ನನಗೆ 14 ವರ್ಷ ಆಯಿತು. ಆಕ್ಸಲ್ ತಂದವರೆಲ್ಲ ಮೊದಲು ಕೇಳೋದು ಗಟ್ಟಿತನದ ಬಗ್ಗೆ. ಬ್ರೇಕಿನ ಮಾತು ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರೋದೇ ಇಲ್ಲ. ಅದು ತಲೆಕೆಳಗಾದ ಲೆಕ್ಕ.

ಮೊದಲು ಇವು ಎಲ್ಲಿಂದ ಬಂದವು ಅಂತ ಹೇಳುತ್ತೇನೆ. ಅಮೆರಿಕದ ಸೈನ್ಯಕ್ಕೆ 1949-50ರ ಹೊತ್ತಿಗೆ ರಿಯೋ ಕಂಪನಿ ರೂಪಿಸಿದ ಆರು ಚಕ್ರ ಚಾಲನೆಯ ಲಾರಿ ಎಂ35. ಜನ ಅದನ್ನು 'ಡ್ಯೂಸ್ ಅಂಡ್ ಎ ಹಾಫ್', ಅಂದರೆ ಎರಡೂವರೆ ಅಂತ ಕರೆಯುತ್ತಾರೆ. ಆ ಎರಡೂವರೆ ಟನ್ ಅನ್ನೋದು ದಾರಿ ಇಲ್ಲದ ಕಡೆ ಹೊರುವ ಭಾರ. ಒಳ್ಳೆ ರಸ್ತೆಯಲ್ಲಿ ಅದರ ಎರಡರಷ್ಟು ಹೇರಬಹುದಿತ್ತು. ಸೈನ್ಯ ಹಳೇ ಲಾರಿಗಳನ್ನು ಹರಾಜಿಗೆ ಹಾಕಿದಾಗ ಆಕ್ಸಲ್‌ಗಳು ಕಡಿಮೆ ಬೆಲೆಗೆ ಸಿಕ್ಕವು. ಎಲ್ಲರೂ ಅವನ್ನು ರಾಕ್‌ವೆಲ್ ಅಂತಲೇ ಕರೆಯುತ್ತಾರೆ. ಸೇಂಟ್ ಲೂಯಿಸ್ ಕಡೆಯ ಬಾಬ್ ಚಾಂಡ್ಲರ್ ತಮ್ಮ 1974ರ ಫೋರ್ಡ್ ಎಫ್-250ಗೆ ಸೈನ್ಯದ ಆಕ್ಸಲ್ ಹಾಕಿ, ಹಿಂದಿನ ಚಕ್ರಗಳೂ ತಿರುಗುವ ಹಾಗೆ ಮಾಡಿದ್ದರು. ಅದೇ ಬಿಗ್‌ಫುಟ್. ಮಾನ್‌ಸ್ಟರ್ ಟ್ರಕ್ ಅನ್ನೋ ಜಾತಿಯೇ ಅಲ್ಲಿಂದ ಶುರುವಾಯಿತು.

ಈ ಆಕ್ಸಲ್‌ನ ಗುಟ್ಟು ಒಳಗಿನ ಗೇರಿನಲ್ಲಿದೆ. ಸಾಮಾನ್ಯ ಗಾಡಿಯಲ್ಲಿ ಒಂದೇ ಜೋಡಿ ಗೇರು, ಅಂದರೆ ಸಣ್ಣ ಪಿನಿಯನ್ ಮತ್ತು ಅದು ತಿರುಗಿಸುವ ದೊಡ್ಡ ಕ್ರೌನ್, ವೇಗ ಇಳಿಸುತ್ತವೆ. ಇಲ್ಲಿ ಆ ಕೆಲಸ ಎರಡು ಹಂತದಲ್ಲಿ ಆಗುತ್ತದೆ. ಒಟ್ಟು ಅನುಪಾತ 6.72. ಅಂದರೆ ಚಕ್ರ ಒಂದು ಸುತ್ತು ಬರಲು ಗೇರ್‌ಬಾಕ್ಸ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ 6.72 ಸುತ್ತು ತಿರುಗಬೇಕು. ಬಲವೆಲ್ಲ ಆಕ್ಸಲ್ ಒಳಗೆ ಬಂದ ಮೇಲೆ ಹೆಚ್ಚುತ್ತದೆ. ಹಾಗಾಗಿ ಗೇರ್‌ಬಾಕ್ಸ್, ಶಾಫ್ಟ್, ಕ್ರಾಸ್ (ಶಾಫ್ಟಿನ ಕೀಲು) ಇವುಗಳ ಮೇಲೆ ಒತ್ತಡ ಕಡಿಮೆ. ಇನ್ನೊಂದು ಲಾಭವೂ ಇದೆ. ಗೇರಿನ ಗಡ್ಡೆ ಹೌಸಿಂಗ್ (ಆಕ್ಸಲ್‌ನ ಹೊರ ಕವಚ) ಮೇಲೆ ಕೂರುವುದರಿಂದ ಶಾಫ್ಟ್ ಎತ್ತರದಲ್ಲಿ ಹೋಗುತ್ತದೆ. ಬಂಡೆಗೆ ತಾಗೋದು ಅಪರೂಪ.

ಹಾಗಂತ ಎಲ್ಲ ಗಾಡಿಗೂ ಇದು ಹೊಂದಲ್ಲ. 31 ಇಂಚಿನ ಟೈರ್ ಇಟ್ಟುಕೊಂಡು 6.72 ಗೇರ್ ಹಾಕಿದರೆ, ನೇರ ಟಾಪ್ ಗೇರಿನಲ್ಲಿ 100 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ 4,500 ಸುತ್ತು ದಾಟುತ್ತದೆ. ಅದೇ 46 ಇಂಚಿನ ಟೈರ್ ಆದರೆ ಸುಮಾರು 3,050 ಸುತ್ತು. ಜೊತೆಗೆ ಹೌಸಿಂಗ್ ದಪ್ಪ. ಸಣ್ಣ ಟೈರ್ ಹಾಕಿದರೆ ಅದೇ ನೆಲ ಕೆರೆಯುತ್ತದೆ. 44 ಇಂಚಿಗಿಂತ ಚಿಕ್ಕ ಟೈರ್ ಸಾಕು ಅನ್ನುವವರಿಗೆ ನಾನು ಈ ಆಕ್ಸಲ್ ಬೇಡ ಅಂತಲೇ ಹೇಳುತ್ತೇನೆ. ಡ್ರಮ್ ಸಮೇತ ಒಂದೊಂದೂ 300 ಕಿಲೋ ಮೀರುತ್ತದೆ. ಸುಮ್ನೆ ಯಾಕೆ ಹೊರಬೇಕು?

ಈಗ ಬ್ರೇಕ್ ವಿಷಯ. ಟೈರ್ 31 ಇಂಚಿನಿಂದ 46ಕ್ಕೆ ಏರಿದರೆ ಚಕ್ರದ ತ್ರಿಜ್ಯ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಅಷ್ಟೇ ದೂರದಲ್ಲಿ ನಿಲ್ಲಬೇಕಾದರೆ ಬ್ರೇಕ್ ಕೂಡ ಒಂದೂವರೆ ಪಟ್ಟು ಜೋರಾಗಿ ಹಿಡಿಯಬೇಕು. ಗಾಡಿಯ ತೂಕ ಹೆಚ್ಚಿದ್ದು ಇದರ ಮೇಲೆ ಬೇರೆ. ಎಂ35ರ ಡ್ರಮ್‌ಗಳು ದೊಡ್ಡವು. ಆದರೆ ಆ ಲಾರಿಯಲ್ಲಿ ಗಾಳಿಯ ಒತ್ತಡ ಬ್ರೇಕ್ ಎಣ್ಣೆಯನ್ನು ತಳ್ಳಲು ಸಹಾಯ ಮಾಡುತ್ತಿತ್ತು. ಪಿಕಪ್ಪಿನ ಮಾಸ್ಟರ್ ಸಿಲಿಂಡರಿಗೆ ಅಷ್ಟು ಎಣ್ಣೆ ತಳ್ಳುವ ತಾಕತ್ತು ಇಲ್ಲ. ಪೆಡಲ್ ಒತ್ತಿದರೆ ನೆಲಕ್ಕೆ ಹೋಗುತ್ತದೆ, ಗಾಡಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಅದಕ್ಕೆ ತುಂಬಾ ಜನ ಪಿನಿಯನ್ ಬ್ರೇಕ್ ಹಾಕಿಸುತ್ತಾರೆ. ಚಕ್ರದ ಹತ್ತಿರದ ಡ್ರಮ್ ಕಿತ್ತು, ಗೇರಿನೊಳಗೆ ಹೋಗುವ ಪಿನಿಯನ್ ಶಾಫ್ಟಿಗೇ ಒಂದು ಡಿಸ್ಕ್ ಕಟ್ಟುತ್ತಾರೆ. ಆ ಡಿಸ್ಕ್ ಹಿಡಿಯುವ ಬಲ 6.72 ಪಟ್ಟಾಗಿ ಚಕ್ರಗಳಿಗೆ ತಲುಪುತ್ತದೆ. ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್ ಚಿಕ್ಕದಿದ್ದರೂ ಸಾಕು, ತೂಕವೂ ಇಳಿಯುತ್ತದೆ. ಕೇಳೋಕೆ ಚೆನ್ನಾಗಿದೆ, ಅಲ್ವಾ?

ಹೀಗೆ ಬೇರೆ ಕಡೆ ಮಾಡಿಸಿಕೊಂಡ ಗಾಡಿಯೊಂದರ ಕಥೆ ಹೇಳುತ್ತೇನೆ. ಮುಂದೆ ಹಿಂದೆ ಎರಡಕ್ಕೂ ಪಿನಿಯನ್ ಬ್ರೇಕ್ ಇತ್ತು. ಆದರೆ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎರಡೂ ತೆರೆದವು, ಆ ಎರಡು ಚಕ್ರಗಳನ್ನು ಒಟ್ಟಿಗೆ ಕಟ್ಟುವ ಲಾಕರ್ ಇರಲಿಲ್ಲ. ಕಲ್ಲಿನ ಏರಿನಲ್ಲಿ ಎಡ ಮುಂದಿನ ಚಕ್ರ ಮತ್ತು ಬಲ ಹಿಂದಿನ ಚಕ್ರ ಗಾಳಿಯಲ್ಲಿ ಎದ್ದವು. ಮಾಲೀಕರು ಬ್ರೇಕ್ ಗಟ್ಟಿಯಾಗಿ ಒತ್ತಿದ್ದರು. ಡಿಸ್ಕ್ ಎರಡೂ ಕಚ್ಚಿ ಹಿಡಿದಿದ್ದವು. ಆದರೂ ಗಾಡಿ ಹಿಂದಕ್ಕೆ ಉರುಳಿತು. ಯಾಕೆ? ಪಿನಿಯನ್ ನಿಂತರೆ ಕ್ರೌನ್ ನಿಲ್ಲುತ್ತದೆ. ಆದರೆ ತೆರೆದ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಆರಾಮಾಗಿ ತಿರುಗಬಹುದು. ನೆಲದ ಮೇಲಿದ್ದ ಚಕ್ರ ಹಿಂದಕ್ಕೆ ಉರುಳಿದಾಗ ಗಾಳಿಯಲ್ಲಿದ್ದದ್ದು ಮುಂದಕ್ಕೆ ತಿರುಗಿತು. ತಡೆಯುವವರೇ ಇಲ್ಲ. ಹಿಂದೆ ಒಂದು ಬಂಡೆ ಇದ್ದದ್ದರಿಂದ ಗಾಡಿ ಅದಕ್ಕೆ ಗುದ್ದಿ ನಿಂತಿತು. ಒಳಗೆ ಇಬ್ಬರಿದ್ದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆ ಬಂಪರ್ ಬಿಚ್ಚುವಾಗ ನನ್ನ ಕೈ ನಡುಗಿತ್ತು.

ಅವತ್ತಿಂದ ಲಾಕರ್ ಇಲ್ಲದೆ ಪಿನಿಯನ್ ಬ್ರೇಕ್ ಮಾತ್ರ ಹಾಕಿ ಅಂದರೆ ನಾನು ಒಪ್ಪಲ್ಲ. ಈ ಆಕ್ಸಲ್‌ಗೆ ಡೆಟ್ರಾಯಿಟ್ ಲಾಕರ್ ಸಿಗುತ್ತದೆ. ಅದಿದ್ದರೆ ಒಂದು ಆಕ್ಸಲ್ ಶಾಫ್ಟ್ ಮುರಿದರೂ ಇನ್ನೊಂದು ಕಡೆಯ ಚಕ್ರ ಹಿಡಿಯುತ್ತದೆ. ರಸ್ತೆಗೂ ಇಳಿಯುವ ಗಾಡಿಯಾದರೆ ಚಕ್ರದ ಹತ್ತಿರವೇ ಡಿಸ್ಕ್ ಹಾಕಿಸಿ, ಅದಕ್ಕೆ ತಕ್ಕ ಮಾಸ್ಟರ್ ಸಿಲಿಂಡರ್ ಕೊಡಿ. ಖರ್ಚು ಜಾಸ್ತಿ. ಆ ಖರ್ಚಿಗೆ ದುಡ್ಡಿಲ್ಲ ಅಂದರೆ ಆಕ್ಸಲ್ ತರೋದನ್ನು ಮುಂದಕ್ಕೆ ಹಾಕಿ.

ಬ್ರೇಕ್ ತೀರ್ಮಾನ ಆದ ಮೇಲೆ ಕೂರಿಸುವ ಕೆಲಸ. ಮುಂದಿನ ಆಕ್ಸಲ್ ಜಾಸ್ತಿ ತಾಳ್ಮೆ ಕೇಳುತ್ತದೆ. ಶಾಫ್ಟಿನ ಕೋನ ಸರಿಯಾಗಲಿ ಅಂತ ಪಿನಿಯನ್ ಮೂತಿಯನ್ನು ಮೇಲಕ್ಕೆ ಎತ್ತಿದರೆ, ಅದೇ ಹೌಸಿಂಗಿಗೆ ಸೇರಿದ ಸ್ಟಿಯರಿಂಗ್ ನಕಲ್ (ಮುಂದಿನ ಚಕ್ರ ಆ ಕಡೆ ಈ ಕಡೆ ತಿರುಗುವ ಕೀಲು) ಕೂಡ ವಾಲುತ್ತದೆ. ಕ್ಯಾಸ್ಟರ್, ಅಂದರೆ ಚಕ್ರವನ್ನು ನೇರ ಹೋಗುವ ಹಾಗೆ ಮಾಡುವ ಆ ಕೀಲಿನ ಓರೆ, ಕಡಿಮೆಯಾಗುತ್ತದೆ. ಆಮೇಲೆ ಗಾಡಿ ನೇರ ರಸ್ತೆಯಲ್ಲೂ ಆ ಕಡೆ ಈ ಕಡೆ ಎಳೆಯುತ್ತದೆ. ರಾಕ್‌ವೆಲ್‌ನ ಪಿನಿಯನ್ ಮೊದಲೇ ಎತ್ತರದಲ್ಲಿ ಇರುವುದರಿಂದ ಎತ್ತುವ ಅಗತ್ಯ ಕಡಿಮೆ. ನಾನು ಮೊದಲು ಕ್ಯಾಸ್ಟರ್ ನೋಡಿ ಹೊಂದಿಸುತ್ತೇನೆ. ಶಾಫ್ಟಿನ ಕೋನ ಸಿಕ್ಕಷ್ಟು ಸಿಗಲಿ. ಸಾಲದಿದ್ದರೆ ನಕಲ್ ಕತ್ತರಿಸಿ, ತಿರುಗಿಸಿ ಮತ್ತೆ ವೆಲ್ಡ್ ಮಾಡಬೇಕು. ಅದು ಅನುಭವ ಇರುವವರು ಮಾತ್ರ ಮಾಡುವ ಕೆಲಸ.

ಸ್ಪ್ರಿಂಗ್ ಪ್ಲೇಟ್ ಕೂರುವ ತಟ್ಟೆಯನ್ನು ಮೊದಲು ಟ್ಯಾಕ್ (ಚುಕ್ಕಿ ವೆಲ್ಡ್) ಮಾತ್ರ ಹಾಕಿ ನಿಲ್ಲಿಸಿ. ಸ್ಪ್ರಿಂಗ್ ಬಿಚ್ಚಿ, ಜಾಕ್ ಹಾಕಿ ಆಕ್ಸಲ್ ಎತ್ತುತ್ತಾ ಹೋಗಿ. ಪೂರ್ತಿ ಮೇಲೆ ಬಂದಾಗ ಚಕ್ರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಎಂಜಿನ್ನಿನ ಎಣ್ಣೆ ಚೇಂಬರಿಗೆ ಟೈ ರಾಡ್ (ಮುಂದಿನ ಎರಡು ಚಕ್ರ ಜೋಡಿಸುವ ಕಂಬಿ) ತಾಗುತ್ತಾ, ಟೈರ್ ಚಾಸಿಗೆ ಉಜ್ಜುತ್ತಾ, ಬ್ರೇಕ್ ಪೈಪ್ ಎಳೆಯುತ್ತಾ ಅಂತ ಬ್ಯಾಟರಿ ಹಿಡಿದು ನೋಡಿ. ಎಲ್ಲ ಸರಿ ಅನ್ನಿಸಿದ ಮೇಲೆ ಪೂರ್ತಿ ವೆಲ್ಡಿಂಗ್. ಅದೂ ಒಂದೇ ಉಸಿರಿಗೆ ಬೇಡ. ಎರಡು ಇಂಚು ಇಲ್ಲಿ, ಎರಡು ಇಂಚು ಎದುರಿನ ಕಡೆ, ತಣ್ಣಗಾಗಲು ಬಿಟ್ಟು ಮತ್ತೆ. ಒಂದೇ ಕಡೆ ಕಾಯಿಸಿದರೆ ಹೌಸಿಂಗ್ ಬಾಗುತ್ತದೆ. ಬಾಗಿದ ಹೌಸಿಂಗಿನಲ್ಲಿ ಸೀಲ್ ಎಷ್ಟು ಸಲ ಬದಲಿಸಿದರೂ ಎಣ್ಣೆ ಸೋರುತ್ತದೆ.

ಸ್ಟಿಯರಿಂಗಿಗೆ ಹೈಡ್ರಾಲಿಕ್ ಸಿಲಿಂಡರ್ ಬೇಕೇ ಬೇಕು. ರಸ್ತೆಗೆ ಇಳಿಯುವ ಗಾಡಿಗೆ ಹಳೇ ಸ್ಟಿಯರಿಂಗ್ ಬಾಕ್ಸ್ ಉಳಿಸಿಕೊಂಡು ಸಹಾಯಕ್ಕೆ ಸಿಲಿಂಡರ್ ಸೇರಿಸಿ. ಬರೀ ಪೈಪಿನ ಎಣ್ಣೆಯ ಮೇಲೆ ನಿಂತ ಸ್ಟಿಯರಿಂಗ್ ಬಂಡೆಗಳ ನಡುವೆ ಮಾತ್ರ ಇರಲಿ.

ಚಿಕ್ಕದು, ಆದರೆ ಪದೇ ಪದೇ ನೋಡುವ ತಪ್ಪು ಒಂದಿದೆ. ಈ ಆಕ್ಸಲ್‌ನ ಎಡಗಡೆಯ ಚಕ್ರದ ಬೋಲ್ಟುಗಳಿಗೆ ಎಡ ಮರೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಸುರುಳಿ ಗೆರೆ, ಇರುತ್ತದೆ. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದವರು ಇಂಪ್ಯಾಕ್ಟ್ ಗನ್ ಹಿಡಿದು ಎಡಕ್ಕೆ ಬಲ ಹಾಕಿ ಬೋಲ್ಟ್ ಮುರಿಯುತ್ತಾರೆ. ನಟ್ ಬಿಚ್ಚುವ ಮುಂಚೆ ಬೋಲ್ಟಿನ ತುದಿಯಲ್ಲಿ 'ಎಲ್' ಗುರುತು ಇದೆಯಾ ನೋಡಿ.

ಊರಿನಿಂದ ಕೇಳುವ ಹುಡುಗರಿಗೆ ಒಂದು ಮಾತು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಅಡ್ಡ ಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸಬಾರದು ಅಂದಿದೆ. ಅಲ್ಲಿ ರಸ್ತೆ ಗಾಡಿಗೆ ಇದನ್ನು ಮಾಡಿಸಬೇಡಿ.

ಕೆಲಸ ಮುಗಿದ ಗಾಡಿಯನ್ನು ನಾನು ಮೊದಲು ಅಂಗಳದಲ್ಲೇ 10 ಕಿ.ಮೀ. ವೇಗದಲ್ಲಿ ಓಡಿಸಿ ನಿಲ್ಲಿಸುತ್ತೇನೆ. ಆಮೇಲೆ 20, ಆಮೇಲೆ 40. ಒಂದೊಂದು ಸುತ್ತು ಮುಗಿದ ಮೇಲೂ ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ ಬಿಸಿ ನೋಡುತ್ತೇನೆ. ತಿಪಟೂರಿನಲ್ಲಿ ಕೊಬ್ಬರಿ ಲಾರಿ ಓಡಿಸುತ್ತಿದ್ದ ನಮ್ಮಪ್ಪ ಟೀ ಕುಡಿಯಲು ನಿಂತಾಗಲೆಲ್ಲ ಹೀಗೇ ಮಾಡುತ್ತಿದ್ದರು. ಮೂರು ಬಿಸಿಯಾಗಿ ಒಂದು ತಣ್ಣಗಿದ್ದರೆ ಆ ಚಕ್ರ ಬ್ರೇಕ್ ಹಿಡಿಯುತ್ತಿಲ್ಲ. ಒಂದು ಮಾತ್ರ ಸುಡುತ್ತಿದ್ದರೆ ಅದು ಬಿಡುತ್ತಿಲ್ಲ. ಹೋದ ತಿಂಗಳ ಗಾಡಿಯಲ್ಲಿ ಬಲ ಹಿಂದಿನದು ತಣ್ಣಗಿತ್ತು. ಪೈಪಿನಲ್ಲಿ ಗಾಳಿ ಉಳಿದಿತ್ತು. ಅದನ್ನು ತೆಗೆದು, ಮತ್ತೆ 10ರಿಂದ ಶುರು ಮಾಡಿದೆ.